ಮುಂದಾಳಿನ ಕೈ

“ಕಂಡದ್ದನ್ನೆಲ್ಲ ಬರದು, ಖಾತ್ರಿ ಇರಲಾರದ್ದೊಂದನ್ನ ಬಿಟ್ಟಬಿಟ್ರ ಅದು ಸುಳ್ಳ ಹೇಳಿಧಂಗ ಆಗತೈತೇನ್ರೀ ಸರ?”

ಹೀಗೆ ಕೇಳಿದವಳು ಬೌರಮ್ಮ. ಕೇಳಿಸಿಕೊಂಡವರು ದುಂಡಪ್ಪ ಮಾಸ್ತರರು. ಮಾಸ್ತರರು ಮೂವತ್ತು ವರ್ಷ ಸೈಕಲ್ ಪಂದ್ಯ ಕಲಿಸಿದವರು. ಬೌರಮ್ಮ ಅವರ ಕೈಯಲ್ಲಿ ಪಳಗಿ, ಪಂದ್ಯಗಳನ್ನು ಗೆದ್ದು, ಈಗ ಜಿಲ್ಲೆಯ ಸೈಕಲ್ ಸಂಘದಲ್ಲಿ ತಾನೇ ಕಲಿಸುವವಳಾಗಿದ್ದಳು. ಆದರೂ ಏನಾದರೂ ತೊಡಕು ಬಂದರೆ ಮಾಸ್ತರರ ಮನೆಯ ಕಟ್ಟೆಗೇ ಬಂದು ಕೂರುತ್ತಿದ್ದಳು.

ತೊಡಕು ಇಷ್ಟು. ಸಂಘದವರು ನಲವತ್ತು ಮಂದಿ ಸವಾರರಿಗೆ ತಂಪು ಕನ್ನಡಕ ಕೊಳ್ಳಬೇಕೆಂದಿದ್ದರು. ಬಲು ಹಗುರವಾದ ಕನ್ನಡಕ. ಬಿಸಿಲೇರಿದರೆ ಗಾಜು ತಾನಾಗಿ ಕಪ್ಪಾಗುತ್ತದೆ, ಬಿಸಿಲಿಳಿದರೆ ತಾನಾಗಿ ತಿಳಿಯಾಗುತ್ತದೆ. ಹತ್ತು ದಿನ ಹಾಕಿಕೊಂಡು ಓಡಿಸಿ, ಕೊಳ್ಳಬಹುದೋ ಬೇಡವೋ ಬರೆದುಕೊಡು ಎಂದು ಒಂದನ್ನು ಬೌರಮ್ಮನ ಕೈಗೆ ಕೊಟ್ಟಿದ್ದರು. ಅವಳು ಬರೆದಿದ್ದಳು. ಬರೆದದ್ದೆಲ್ಲ ಒಳ್ಳೆಯದೇ ಇತ್ತು. ಒಂದನ್ನು ಮಾತ್ರ ಬರೆದಿರಲಿಲ್ಲ. ಬಿಸಿಲಿನಿಂದ ಥಟ್ಟನೆ ನೆರಳಿಗೆ ಹೊಕ್ಕಾಗ ಗಾಜು ತಿಳಿಯಾಗುವುದು ತಡವೇನೋ ಎಂದು ಒಂದೆರಡು ಸಲ ಅನ್ನಿಸಿತ್ತು. ಅದನ್ನು ಬರೆದರೆ ಸಂಘದವರು ಕನ್ನಡಕವೇ ಬೇಡ ಎಂದುಬಿಡುತ್ತಾರೆ. ಆಮೇಲೆ ಆ ನಲವತ್ತು ಮಂದಿ ಬರಿಗಣ್ಣಿನಲ್ಲಿ ಧೂಳಿಗೆ, ಹುಳಕ್ಕೆ ಮುಖ ಕೊಟ್ಟು ಓಡಿಸಬೇಕು. ಹೋದ ವರ್ಷ ಒಬ್ಬಳ ಕಣ್ಣಿಗೆ ಹುಳ ಹೊಡೆದು ಅವಳು ಎರಡು ತಿಂಗಳು ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಬೌರಮ್ಮನ ಸಂಕಟ ತೋರಿಕೆಯದಾಗಿರಲಿಲ್ಲ. ಬರೆದ ಚೀಟಿಯನ್ನು ಮರುದಿನವೇ ಸಂಘಕ್ಕೆ ಕೊಡಬೇಕಿತ್ತು.

ಮಾಸ್ತರರ ಮಡಿಲಲ್ಲಿ ಒಂದು ಹಳೆಯ ಗಾಲಿ ಇತ್ತು. ಅದರ ಕಡ್ಡಿಗಳನ್ನು ಒಂದೊಂದಾಗಿ ಬಿಗಿಯುತ್ತಿದ್ದರು. ಗಾಲಿಯನ್ನು ಗೋಡೆಗೆ ಒರಗಿಸಿ, ಕೈಯ ಎಣ್ಣೆಯನ್ನು ಪಂಚೆಗೇ ಒರೆಸಿಕೊಂಡರು. ದಿನವಿಡೀ ಊರ ಮಾತಿನಲ್ಲಿ ಗದರುವ ಮನುಷ್ಯ, ಕತೆ ಹೇಳುವಾಗ ಮಾತ್ರ ಪುಸ್ತಕ ಓದುವವರಂತೆ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಅವರು ಹೇಳಿದ್ದು ಇದು.

ಒಂದೂರಿನಲ್ಲಿ ಒಬ್ಬ ಸವಾರನಿದ್ದ. ಸೈಕಲ್ ಸವಾರ. ಊರಿನಲ್ಲಿ ಅವನಿಗಿಂತ ಜೋರಾಗಿ ಓಡಿಸುವವರು ಇದ್ದರು, ಅವನಿಗಿಂತ ಹೆಚ್ಚು ಗೆದ್ದವರೂ ಇದ್ದರು. ಆದರೆ ಸುಳ್ಳಾಡದ ಸವಾರ ಅವನೊಬ್ಬನೇ. ಸೋತರೆ ಸೋತೆ ಎನ್ನುತ್ತಿದ್ದ. ಎದುರು ಗಾಳಿ ಇತ್ತು, ಸರಪಳಿ ಜಾರಿತು, ಹೊಟ್ಟೆ ಕೆಟ್ಟಿತ್ತು ಎಂದು ಒಂದು ದಿನವೂ ಬಾಯಿಬಿಟ್ಟವನಲ್ಲ. ಆ ಊರಿನಲ್ಲಿ ಹಾಗೊಂದು ರೂಢಿಯೇ ಇತ್ತು. ಸಾಮಾನನ್ನು ದೂರುವವನನ್ನು ಅಲ್ಲಿ ಸವಾರರು ‘ನೆಪಗಾರ’ ಎಂದು ಕರೆದು ಚಹದಂಗಡಿಯಲ್ಲಿ ಮೂರು ದಿನ ಆಡಿಕೊಳ್ಳುತ್ತಿದ್ದರು. ಬೈದರೂ ತಡೆದುಕೊಳ್ಳಬಹುದು, ನೆಪಗಾರ ಎನ್ನಿಸಿಕೊಳ್ಳುವುದು ಯಾರಿಗೂ ಆಗದ ಮಾತು. ನಿನಗೂ ಆಗದು, ನನಗೂ ಆಗದು. ಇರಲಿ.

ಸಾಲು ಕಟ್ಟಿ ಓಡಿಸುವುದು ನಿನಗೆ ಗೊತ್ತು. ಆದರೂ ಹೇಳುತ್ತೇನೆ, ಕೇಳು. ಗೊತ್ತಿದ್ದದ್ದನ್ನೇ ನಾವು ಸರಿಯಾಗಿ ಕೇಳುವುದಿಲ್ಲ.

ಹತ್ತು ಮಂದಿ ಒಬ್ಬರ ಹಿಂದೆ ಒಬ್ಬರು ಹೋಗುತ್ತಾರೆ. ಮುಂದಿನವನ ಹಿಂದಿನ ಗಾಲಿಗೂ ಹಿಂದಿನವನ ಮುಂದಿನ ಗಾಲಿಗೂ ನಡುವೆ ಒಂದು ಗೇಣು ಜಾಗ. ಹತ್ತಿರವಿದ್ದಷ್ಟೂ ಗಾಳಿಯ ಹೊಡೆತ ಕಡಿಮೆ. ಹಾಗೆ ಹೋಗುವಾಗ ಹಿಂದಿನವನಿಗೆ ಕಾಣುವುದು ಮುಂದಿನವನ ಗಾಲಿ, ಅವನ ಬೆನ್ನು. ದಾರಿ ಕಾಣುವುದು ಮುಂದಾಳು ಒಬ್ಬನಿಗೇ. ಆದ್ದರಿಂದ ಮುಂದಾಳು ಕೈಯಲ್ಲಿ ಮಾತಾಡುತ್ತಾನೆ. ಎಡಕ್ಕೆ ಗುಂಡಿ ಇದ್ದರೆ ಎಡಗೈ ಕೆಳಗಿಳಿಸಿ ಬೆರಳು ತೋರಿಸುತ್ತಾನೆ. ಜಲ್ಲಿ ಚೆಲ್ಲಿದ್ದರೆ ಅಂಗೈ ಅಲ್ಲಾಡಿಸುತ್ತಾನೆ. ನಿಲ್ಲಬೇಕಾದರೆ ಕೈಯೆತ್ತುತ್ತಾನೆ. ಅವನು ಮಾಡಿದ್ದನ್ನು ಹಿಂದಿನವನು ಮಾಡುತ್ತಾನೆ, ಅವನನ್ನು ನೋಡಿ ಅವನ ಹಿಂದಿನವನು. ಕೈ ಸುಮ್ಮನಿದ್ದರೆ ದಾರಿ ಚೊಕ್ಕಟವಿದೆ ಎಂದರ್ಥ. ಹಿಂದಿನ ಒಂಬತ್ತು ಜೀವ ಆ ಸುಮ್ಮನಿರುವ ಕೈಯನ್ನು ನಂಬಿ ಇಳಿಜಾರಿನಲ್ಲಿ ಕಣ್ಣುಮುಚ್ಚಿಕೊಂಡಂತೆ ಹೋಗುತ್ತವೆ.

ಆ ಊರಿನ ಸಾಲಿಗೆ ನಮ್ಮ ಸವಾರನೇ ಮುಂದಾಳು. ಒಂಬತ್ತು ವರ್ಷ ಅವನೇ. ಅವನ ಹಿಂದಿನ ಜಾಗ ಅವನ ಅಕ್ಕನ ಗಂಡನದು. ಭಾವ ಹಿಟ್ಟಿನ ಗಿರಣಿ ಇಟ್ಟವನು, ಮೈ ಭಾರದವನು, ಮೀಸೆಯಲ್ಲಿ ಯಾವಾಗಲೂ ಒಂದಿಷ್ಟು ಹಿಟ್ಟು. ಗೆಲ್ಲುವ ಆಸೆ ಇಲ್ಲ. ಬೆಳಿಗ್ಗೆ ಎದ್ದು ಹೆಂಡತಿಯ ತಮ್ಮನ ಬೆನ್ನು ನೋಡುತ್ತ ಐವತ್ತು ಕಿಲೋಮೀಟರು ಓಡಿಸಿ ಬಂದರೆ ಅವನ ದಿನ ಒಪ್ಪವಾಗುತ್ತಿತ್ತು. ಅಕ್ಕ ನಗುತ್ತಿದ್ದಳು, ನನಗಿಂತ ನನ್ನ ತಮ್ಮನ ಬೆನ್ನನ್ನೇ ಹೆಚ್ಚು ನೋಡಿದ್ದೀರಿ ಎಂದು.

ಆ ಊರಿಗೆ ಸೈಕಲ್ ಸಾಮಾನಿನ ಒಬ್ಬ ಅಂಗಡಿಯವನಿದ್ದ. ಅವನ ಅಂಗಡಿಗೆ ಈ ಬಣ್ಣ ಬದಲಿಸುವ ಕನ್ನಡಕ ಹೊಸದಾಗಿ ಬಂತು. ಅಂಗಡಿಯವನು ಜಾಣ. ತಾನು ಹೊಗಳಿದರೆ ವ್ಯಾಪಾರ ಎನ್ನುತ್ತಾರೆ, ಸವಾರ ಹೇಳಿದರೆ ನಂಬುತ್ತಾರೆ ಎಂಬುದು ಅವನಿಗೆ ಗೊತ್ತು. ಒಂದು ಕನ್ನಡಕವನ್ನು ಸವಾರನಿಗೆ ಕೊಟ್ಟು, ಹದಿನೈದು ದಿನ ಹಾಕಿಕೊಂಡು ಓಡಿಸು, ಹೇಗಿದೆಯೋ ಹಾಗೆ ಒಂದು ಚೀಟಿ ಬರೆದುಕೊಡು, ಒಳ್ಳೆಯದೇ ಬರೆ ಎಂದು ನಾನು ಹೇಳುವುದಿಲ್ಲ ಎಂದ. ಅಂಗಡಿಯವನಲ್ಲಿ ಕಪಟವಿರಲಿಲ್ಲ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಹುಡುಕಬೇಡ.

ಸವಾರ ಶ್ರದ್ಧೆಯಿಂದ ನೋಡಿದ. ಮೊದಲು ಅಕ್ಕಸಾಲಿಗನ ತಕ್ಕಡಿಯಲ್ಲಿ ಇಟ್ಟು ತೂಗಿಸಿದ. ಇಪ್ಪತ್ತೈದು ಗ್ರಾಮು, ಒಂದು ನಿಂಬೆಹಣ್ಣಿಗಿಂತ ಹಗುರ. ತಲೆ ತಗ್ಗಿಸಿ ಏರು ಹತ್ತಿದ, ಬೆವರಿಗೆ ಮೂಗಿನಿಂದ ಜಾರಲಿಲ್ಲ. ಇಳಿಜಾರಿನಲ್ಲಿ ಬಿಟ್ಟ, ಕಣ್ಣಿಗೆ ಗಾಳಿ ನುಗ್ಗಲಿಲ್ಲ, ನೀರು ಬರಲಿಲ್ಲ. ನಾಲ್ಕು ಗಂಟೆ ಹಾಕಿಕೊಂಡ, ಹೆಲ್ಮೆಟ್ಟಿನ ಪಟ್ಟಿಯ ಕೆಳಗೆ ಕಿವಿ ನೋಯಲಿಲ್ಲ. ಬೇಕೆಂದೇ ಡಾಂಬರಿನ ಮೇಲೆ ಕೆಡವಿದ, ಗಾಜು ಒಡೆಯಲಿಲ್ಲ. ಲಾರಿ ಹಾರಿಸಿದ ಕೆಸರನ್ನು ಬಾಟಲಿಯ ನೀರಲ್ಲಿ ತೊಳೆದ, ಗೀರು ಬೀಳಲಿಲ್ಲ. ಬೆಳಗಿನ ಜಾವ ಗಾಜು ನೀರಿನಂತೆ ತಿಳಿಯಾಗಿತ್ತು, ಒಂಬತ್ತಕ್ಕೆ ಹೊಗೆ ಬಣ್ಣಕ್ಕೆ ಬಂತು, ಹನ್ನೆರಡಕ್ಕೆ ಕಪ್ಪಾಯಿತು. ಕೈ ಹಚ್ಚುವ ಕೆಲಸವೇ ಇರಲಿಲ್ಲ. ಸವಾರನಿಗೆ ಕನ್ನಡಕದ ಮೇಲೆ ಪ್ರೀತಿಯೇ ಹುಟ್ಟಿತು ಎನ್ನು.

ಅವರು ದಿನವೂ ಹೋಗುವ ದಾರಿಯಲ್ಲಿ ರೈಲು ಹಳಿಯ ಕೆಳಗೆ ಒಂದು ಸೇತುವೆ ಇತ್ತು. ರಸ್ತೆ ಗುಂಡಿಗಿಳಿದಂತೆ ಇಳಿದು, ಹಳಿಯ ಅಡಿಯಲ್ಲಿ ಕತ್ತಲಲ್ಲಿ ಹಾದು, ಆಚೆ ಮೇಲೇರುತ್ತದೆ. ಬೆಳಗಿನ ಜಾವ ಅದರೊಳಗೆ ಹಾದುಹೋಗುತ್ತಿದ್ದರು. ಆಗಿನ್ನೂ ಬಿಸಿಲಿಲ್ಲ, ಗಾಜು ತಿಳಿಯಾಗಿರುತ್ತಿತ್ತು, ಎಲ್ಲವೂ ಕಾಣುತ್ತಿತ್ತು. ಮರಳುವಾಗ ಬೇರೆ ದಾರಿ.

ಹನ್ನೊಂದನೆಯ ದಿನ ಸವಾರ ಮಧ್ಯಾಹ್ನ ಮನೆಗೆ ಬಂದ. ಕನ್ನಡಕ ತೆಗೆಯದೆ ಒಳಗೆ ಕಾಲಿಟ್ಟ. ನಾಲ್ಕು ಹೆಜ್ಜೆಗೆ ಕಾಲು ಮೊರಕ್ಕೆ ತಾಗಿ ಜೋಳವೆಲ್ಲ ನೆಲಕ್ಕೆ ಚೆಲ್ಲಿತು. ಹೆಂಡತಿ, ಕಣ್ಣೇನು ಅಂಗಳದಲ್ಲೇ ಬಿಟ್ಟು ಬಂದಿರೇನು ಎಂದು ರೇಗಿದಳು. ಸವಾರ ನಕ್ಕ. ಬಿಸಿಲಿಂದ ಬಂದರೆ ಯಾರಿಗಾದರೂ ಕಣ್ಣು ಕತ್ತಲೆ ಬರುತ್ತದೆ. ಕನ್ನಡಕ ತೆಗೆದ. ನೆಲದ ಮೇಲಿನ ಜೋಳ ಕಾಳು ಕಾಳಾಗಿ ಕಂಡಿತು. ಮತ್ತೆ ಹಾಕಿಕೊಂಡ. ಏನೂ ಕಾಣಲಿಲ್ಲ.

ನಿಂತುಕೊಂಡ. ಒಂದು ಗಳಿಗೆ ಯೋಚಿಸಿದ. ಆಮೇಲೆ, ಇದು ಮನೆ, ಕನ್ನಡಕ ಇರುವುದು ದಾರಿಗೆ ಎಂದುಕೊಂಡ. ಇಷ್ಟಕ್ಕೆಲ್ಲ ಸಾಮಾನನ್ನು ದೂರಿದರೆ ನೆಪಗಾರನಾಗುತ್ತೇನೆ ಎಂದುಕೊಂಡ. ಇನ್ನೊಂದು ದಿನ ದಾರಿಯಲ್ಲೇ ನೋಡಿದರಾಯಿತು ಎಂದೂ ಅಂದುಕೊಂಡ. ಆ ದಿನ ಬರಲಿಲ್ಲ, ಅವನೂ ಕರೆಯಲಿಲ್ಲ.

ಹದಿನಾರನೆಯ ದಿನ ಚೀಟಿ ಬರೆದ. ತೂಕ ಬರೆದ, ಬೆವರು ಬರೆದ, ಗಾಳಿ ಬರೆದ, ಕಿವಿ ಬರೆದ. ರೈಲು ಸೇತುವೆಯ ಕೆಳಗೂ ಹಾಕಿಕೊಂಡು ಹೋಗಿ ನೋಡಿದ್ದೇನೆ, ಚೆನ್ನಾಗಿ ಕಾಣುತ್ತದೆ ಎಂದೂ ಬರೆದ. ಅದೂ ನಿಜವೇ ತಾನೆ? ಹೋಗಿದ್ದ, ಕಂಡಿತ್ತು. ಬೆಳಗಿನ ಜಾವ ಎಂದು ಬರೆಯಲಿಲ್ಲ, ಅಷ್ಟೇ. ಅವನು ಮುಚ್ಚಿಡಬೇಕೆಂದು ಬಿಟ್ಟವನಲ್ಲ. ದಾರಿಯಲ್ಲಿ ಕಂಡ ಗುಂಡಿಗಷ್ಟೇ ಕೈಯಿಳಿಸಿ ಅಭ್ಯಾಸವಾದವನು. ಅನುಮಾನಕ್ಕೆ ಅವನಲ್ಲಿ ಸನ್ನೆಯೇ ಇರಲಿಲ್ಲ.

ಅಂಗಡಿಯವನು ಆ ಚೀಟಿಯನ್ನು ಗೋಡೆಗೆ ಅಂಟಿಸಿದ. ವಾರದೊಳಗೆ ಸಾಲಿನ ಆರು ಮಂದಿ ಕೊಂಡರು. ಭಾವ ಕೊಳ್ಳಲಿಲ್ಲ. ಸವಾರ ಒಂದು ದಿನ ಕೇಳಿದ.

“ಭಾವಾ, ನೀವೂ ಒಂದ ತಗೋರಿ. ಕಣ್ಣಿಗಿ ತಂಪ ಇರತೈತಿ.”

ಭಾವ ಮೀಸೆ ಒರೆಸಿಕೊಂಡು ನಕ್ಕ. “ನನಗ್ಯಾಕೋ ಮಾರಾಯಾ? ನನ್ನ ಕಣ್ಣು ನಿನ್ನ ಕೈಯಾಗ ಅದಾವು.”

ಸುತ್ತಲಿದ್ದವರೆಲ್ಲ ನಕ್ಕರು. ಸವಾರನೂ ನಕ್ಕ.

ಕಬ್ಬು ಕಡಿಯುವ ಕಾಲ. ಒಂದು ಭಾನುವಾರ ಸಾಲು ದೂರ ಹೋಗಿ ಮರಳುತ್ತಿತ್ತು. ಮಧ್ಯಾಹ್ನ ಹನ್ನೆರಡು. ನೆತ್ತಿ ಕಾಯುವ ಬಿಸಿಲು. ಮರಳುವ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಮಗುಚಿ ರಸ್ತೆ ಕಟ್ಟಿಹೋಗಿತ್ತು. ಹಿಂದಿದ್ದ ಗಾಡಿಗಳೆಲ್ಲ ತಿರುಗಿ ರೈಲು ಸೇತುವೆಯ ದಾರಿ ಹಿಡಿದಿದ್ದವು. ಸವಾರನೂ ಸಾಲನ್ನು ಆ ಕಡೆಗೇ ತಿರುಗಿಸಿದ. ತಪ್ಪೇನಿಲ್ಲ. ದಿನವೂ ಹೋಗುವ ಸೇತುವೆ, ಅವತ್ತು ಬೆಳಿಗ್ಗೆ ಕೂಡ ಹಾದುಬಂದದ್ದು.

ಆದರೆ ಬೆಳಗಿನಿಂದ ಆ ಸೇತುವೆಯ ಕೆಳಗೆ ಭಾರ ಹೊತ್ತ ಟ್ರ್ಯಾಕ್ಟರುಗಳು ಹಾದಿದ್ದವು. ಸೇತುವೆಯ ತಳದಲ್ಲಿ ಮಳೆನೀರು ಹೋಗಲೆಂದು ರಸ್ತೆಗೆ ಅಡ್ಡಲಾಗಿ ಒಂದು ಚರಂಡಿ. ಅದರ ಮೇಲೆ ಕಬ್ಬಿಣದ ಜಾಲರಿ. ಒಂದು ಕಡೆ ಜಾಲರಿಯ ಎರಡು ಪಟ್ಟಿ ಮುರಿದು ಒಳಗೆ ಬಿದ್ದಿದ್ದವು. ಒಂದು ಸೈಕಲ್ ಗಾಲಿ ಇಳಿಯುವಷ್ಟು ಜಾಗ.

ಸಾಲು ಇಳಿಜಾರಿಗೆ ಬಿತ್ತು. ಇಳಿಜಾರೆಂದರೆ ಸವಾರರಿಗೆ ಹಬ್ಬ, ಯಾರೂ ಬ್ರೇಕ್ ಹಿಡಿಯುವುದಿಲ್ಲ. ಹತ್ತು ಸೈಕಲ್ಲು, ಗೇಣು ಗೇಣು ಅಂತರ, ಗಾಳಿ ಕಿವಿಯಲ್ಲಿ ಹುಯ್ಯೋ ಎನ್ನುತ್ತಿದೆ. ಸವಾರ ಮೊದಲು ನೆರಳಿಗೆ ಹೊಕ್ಕ.

ಮುಖದ ಮೇಲೆ ಕರಿಕಂಬಳಿ ಎಳೆದಂತಾಯಿತು. ಗೋಡೆ ಇಲ್ಲ, ರಸ್ತೆ ಇಲ್ಲ, ತನ್ನ ಸೈಕಲ್ಲಿನ ಹಿಡಿಕೆಯೂ ಇಲ್ಲ. ದೂರದಲ್ಲಿ ಆಚೆಯ ಬೆಳಕಿನ ಒಂದು ಬಿಳಿ ಚೂರು, ಅಷ್ಟೇ. ಮನೆಯಲ್ಲಿ ಚೆಲ್ಲಿದ ಜೋಳ ಆ ಕ್ಷಣಕ್ಕೆ ಅವನಿಗೆ ನೆನಪಾಯಿತು ನೋಡು.

ಇಲ್ಲಿ ಸ್ವಲ್ಪ ನಿಲ್ಲೋಣ. ಅವನು ಏನು ಮಾಡಬಹುದಿತ್ತು? ಗಕ್ಕನೆ ಬ್ರೇಕ್ ಹಿಡಿದರೆ ಹಿಂದಿನ ಒಂಬತ್ತು ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಅದು ಆಗದು. ಕೂಗಬಹುದಿತ್ತು. ಆದರೆ ಏನೆಂದು ಕೂಗುವುದು? ಗುಂಡಿ ಎಂಬ ಕೂಗು ಇದೆ, ಲಾರಿ ಎಂಬ ಕೂಗು ಇದೆ, ನಾಯಿ ಎಂಬ ಕೂಗೂ ಇದೆ. ನನಗೆ ಕಾಣುತ್ತಿಲ್ಲ ಎಂದು ಕೂಗಿದ ಮುಂದಾಳು ಆ ಊರಿನಲ್ಲಿ ಹುಟ್ಟಿರಲಿಲ್ಲ. ಇನ್ನೊಂದು ಇತ್ತು. ನಿಲ್ಲಿ ಎಂದು ಕೈಯೆತ್ತುವುದು. ಸೇತುವೆಯ ಬಾಯಲ್ಲಿ ಬೆಳಕಿನ್ನೂ ಇತ್ತು, ಹಿಂದಿನವರಿಗೆ ಕೈ ಕಾಣುತ್ತಿತ್ತು. ಅವರು ಹದವಾಗಿ ನಿಧಾನ ಮಾಡುತ್ತಿದ್ದರು.

ಕೈಯೆತ್ತಬೇಕೆಂದು ಅವನ ಬೆರಳು ಹಿಡಿಕೆಯಿಂದ ಸಡಿಲವಾಯಿತು. ಆಗ ಅವನ ತಲೆಯಲ್ಲಿ ಹಾದದ್ದನ್ನು ಹೇಳುತ್ತೇನೆ. ಕೈಯೆತ್ತಿದರೆ ನಿಲ್ಲುತ್ತಾರೆ. ನಿಂತರೆ ಏನಾಯಿತು ಎಂದು ಕೇಳುತ್ತಾರೆ. ಕೇಳಿದರೆ ಗಾಜು ಎನ್ನಬೇಕು. ಗೋಡೆಯ ಮೇಲೆ ನನ್ನ ಕೈಬರಹದ ಚೀಟಿ ಇದೆ. ಆರು ಮಂದಿಯ ಮುಖದ ಮೇಲೆ ನನ್ನ ಮಾತಿನ ಕನ್ನಡಕ ಇದೆ. ಇರುವುದು ನಾಲ್ಕು ಉಸಿರಿನಷ್ಟು ಕತ್ತಲು. ಬೆಳಿಗ್ಗೆ ದಾರಿ ಚೊಕ್ಕಟವಿತ್ತು.

ಇಷ್ಟು ಹೇಳಲು ನನಗೆ ಹೊತ್ತು ಹಿಡಿಯಿತು, ಅವನಿಗೆ ಹಿಡಿಯಲಿಲ್ಲ. ಬೆರಳುಗಳು ಮತ್ತೆ ಹಿಡಿಕೆಯನ್ನು ಬಿಗಿಯಾಗಿ ಹಿಡಿದವು. ಹಿಂದಿನವರು ಕೈ ನೋಡಿದರು. ಕೈ ಸುಮ್ಮನಿತ್ತು. ಒಂಬತ್ತೂ ಜನ ಕತ್ತಲಿಗೆ ಹೊಕ್ಕರು.

ಸವಾರನ ಗಾಲಿ ಮುರಿದ ಜಾಲರಿಯ ಪಕ್ಕದಲ್ಲಿ ನಾಲ್ಕು ಬೆರಳು ಆಚೆ ಹಾದುಹೋಯಿತು. ಅದು ಅವನ ಜಾಣತನವಲ್ಲ. ಭಾವ ಭಾರದ ಮನುಷ್ಯ, ಗಾಳಿಗೆ ಸರಿದು ತುಸು ಎಡಕ್ಕಿದ್ದ. ಅವನ ಮುಂದಿನ ಗಾಲಿ ನೇರ ಸಂದಿಗೆ ಇಳಿಯಿತು. ಸೈಕಲ್ಲು ಅಲ್ಲೇ ನಿಂತಿತು. ಭಾವ ನಿಲ್ಲಲಿಲ್ಲ, ಸಿಮೆಂಟಿನ ಗೋಡೆಯವರೆಗೆ ಹೋದ. ಅವನ ಮೇಲೆ ಇನ್ನಿಬ್ಬರು ಬಿದ್ದರು. ಒಬ್ಬನಿಗೆ ಕೊರಳೆಲುಬು ಮುರಿಯಿತು. ಉಳಿದವರು ಹೇಗೋ ಬದಿಗೆ ಸರಿದರು.

ಸದ್ದು ಕೇಳಿ ಸವಾರ ಸೈಕಲ್ಲು ಎಸೆದು ಓಡಿ ಬಂದ. ಗೋಡೆಯ ಬುಡದಲ್ಲಿ ಕೂತು ಭಾವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಕೂಗಿದ, ಕರೆದ, ನೀರು ಚಿಮುಕಿಸಿದ. ಅಷ್ಟರಲ್ಲಿ ಗಾಜು ನಿಧಾನವಾಗಿ ತಿಳಿಯಾಯಿತು. ಮುರಿದ ಪಟ್ಟಿ ಕಂಡಿತು, ಸಂದಿಯಲ್ಲಿ ಸಿಕ್ಕ ಗಾಲಿ ಕಂಡಿತು, ಭಾವನ ಮೀಸೆಯ ಹಿಟ್ಟು ಕೆಂಪಾಗಿದ್ದು ಕಂಡಿತು. ಬಲು ಒಳ್ಳೆಯ ಗಾಜು ಅದು.

ಒಂದು ಟಂಟಂ ಆಟೋ ನಿಲ್ಲಿಸಿ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ದಾರಿಯಲ್ಲಿ ಭಾವ ಒಂದು ಸಲ ಕಣ್ಣು ಬಿಟ್ಟು ಸವಾರನನ್ನು ನೋಡಿದ. ಏನೂ ಕೇಳಲಿಲ್ಲ. ಕೇಳಿದ್ದರೆ ಸವಾರ ಬದುಕಿಕೊಳ್ಳುತ್ತಿದ್ದ, ಹೇಳಿಬಿಡುತ್ತಿದ್ದ. ಭಾವ ಕೇಳುವ ಪೈಕಿಯವನಲ್ಲ. ಆಸ್ಪತ್ರೆಯ ಬಾಗಿಲಿಗೆ ಬರುವ ಹೊತ್ತಿಗೆ ಮುಗಿದಿತ್ತು.

ಮೂರನೆಯ ದಿನ. ಅಕ್ಕನ ಮನೆಯ ಅಂಗಳದಲ್ಲಿ ಸಾಲಿನವರೆಲ್ಲ ಕೂತಿದ್ದರು. ಮಣ್ಣು ಮಾಡಿ ಬಂದಾಗಿನಿಂದ ಸವಾರ ಅನ್ನ ಮುಟ್ಟಿರಲಿಲ್ಲ. ಕೊರಳೆಲುಬು ಮುರಿದವನು ಪಟ್ಟಿ ಕಟ್ಟಿಕೊಂಡು ಒಂದು ಮೂಲೆಯಲ್ಲಿದ್ದ. ಅವನು ಪಕ್ಕದವನಿಗೆ ಮೆಲ್ಲಗೆ ಅಂದ, ಕೈ ಯಾಕೆ ಏಳಲಿಲ್ಲ ಎಂದು. ಮೆಲ್ಲಗೆ ಅಂದದ್ದೂ ಸಾವಿನ ಮನೆಯಲ್ಲಿ ಎಲ್ಲರಿಗೂ ಕೇಳುತ್ತದೆ. ಅಕ್ಕ ಹೊಸಿಲು ದಾಟಿ ಹೊರಗೆ ಬಂದಳು. ಬರಿಗೈ, ಬರಿಹಣೆ. ನೇರ ತಮ್ಮನ ಮುಂದೆ ಬಂದು ನಿಂತಳು.

“ತಮ್ಮಾ, ಎಲ್ಲಾರ ಮುಂದ ಕೇಳತೀನಿ. ಆ ತೆಗ್ಗು ನಿನಗ ಕಂಡಿತ್ತೇನು?”

“ಇಲ್ಲಕ್ಕಾ.”

ನಿಜವನ್ನೇ ಹೇಳಿದ. ಕಂಡಿರಲಿಲ್ಲ. ಅದರ ಹಿಂದೆ ಇನ್ನೊಂದು ಮಾತು ಗಂಟಲವರೆಗೆ ಬಂದು ನಿಂತಿತ್ತು, ತೆಗ್ಗೊಂದೇ ಅಲ್ಲಕ್ಕಾ, ನನಗೆ ಏನೂ ಕಾಣುತ್ತಿರಲಿಲ್ಲ, ಕಾಣುತ್ತಿಲ್ಲವೆಂದು ನನಗೆ ಗೊತ್ತಿತ್ತು ಎಂಬ ಮಾತು. ಅಕ್ಕ ಅದನ್ನು ಕೇಳಲಿಲ್ಲ. ಕೇಳದ್ದಕ್ಕೆ ಅವನು ಉತ್ತರ ಕೊಡಲಿಲ್ಲ.

ಅಕ್ಕ ಮೂಲೆಯಲ್ಲಿದ್ದವನ ಕಡೆ ತಿರುಗಿದಳು. “ಕೇಳಿದೀರಿಲ್ಲೋ? ಅವಗ ಕಂಡಿದ್ರ ಕೈ ಏಳತಿತ್ತು. ನನ್ನ ತಮ್ಮ ಹುಟ್ಟಿದಾಗಿಂದ ಸುಳ್ಳಾಡಿದಾಂವಲ್ಲ.”

ಕೊರಳೆಲುಬು ಮುರಿದವನು ತಲೆ ತಗ್ಗಿಸಿದ. ತಪ್ಪಾಯಿತವ್ವಾ ಎಂದ. ತಪ್ಪು ಅವನದಾಯಿತು. ಅಕ್ಕ ಒಳಗೆ ಹೋಗಿ ತಟ್ಟೆಯಲ್ಲಿ ರೊಟ್ಟಿ ತಂದಳು. ನೀನೂ ಹೋಗಿಬಿಟ್ಟರೆ ನನಗ್ಯಾರು ಎಂದು ತಮ್ಮನ ಪಕ್ಕದಲ್ಲಿ ಕೂತು ತಾನೇ ಮುರಿದು ತಿನ್ನಿಸಿದಳು. ಗಂಡನನ್ನು ಕಳೆದುಕೊಂಡವಳು ಕೊಟ್ಟ ತುತ್ತನ್ನು ಅವನು ಬಾಯಿ ತೆರೆದು ತಿಂದ. ಪೂರ್ತಿ ರೊಟ್ಟಿ ತಿಂದ.

ತಿಂಗಳಾದ ಮೇಲೆ ಒಂದು ದಿನ ಅವನು ಪೆನ್ನು ಜೇಬಿಗಿಟ್ಟುಕೊಂಡು ಅಂಗಡಿಗೆ ಹೋದ. ಚೀಟಿಯ ಕೊನೆಗೆ ಒಂದು ಸಾಲು ಸೇರಿಸಬೇಕೆಂದು. ಬೇರೆ ಊರಿನ ಒಬ್ಬ ಗಿರಾಕಿ ಗೋಡೆಯ ಮುಂದೆ ನಿಂತು ಅದನ್ನೇ ಓದುತ್ತಿದ್ದ. ಅಂಗಡಿಯವನು, ಬರೆದವರು ಇವರೇ ನೋಡಿ ಎಂದ. ಗಿರಾಕಿ ತಿರುಗಿ ಕೈಮುಗಿದ. ಸವಾರನೂ ಕೈಮುಗಿದ. ಮುಗಿದ ಕೈ ಜೇಬಿಗೆ ಹೋಗಲಿಲ್ಲ. ಭಾವನ ಸಾವಿಗೆ ಅಂಗಡಿಯವನು ಎರಡು ಒಳ್ಳೆಯ ಮಾತಾಡಿದ, ಚಹ ತರಿಸಿದ. ಸವಾರ ಚಹ ಕುಡಿದು ಮನೆಗೆ ಬಂದ.

ಆಮೇಲೆ ಅವನು ಸಾಲಿನಲ್ಲಿ ಮುಂದೆ ಹೋಗಲಿಲ್ಲ. ಎಲ್ಲರಿಗಿಂತ ಹಿಂದೆ ಓಡಿಸತೊಡಗಿದ. ಅದನ್ನು ಜನ ಭಾವನ ಮೇಲಿನ ದುಃಖ ಎಂದುಕೊಂಡರು, ಮರುಗಿದರು. ಅವನು ಅದನ್ನೂ ಇಲ್ಲವೆನ್ನಲಿಲ್ಲ.

ಮಾಸ್ತರರು ಕತೆ ನಿಲ್ಲಿಸಿದರು. ಗೋಡೆಗೊರಗಿಸಿದ್ದ ಗಾಲಿಯನ್ನು ಎತ್ತಿ ಮತ್ತೆ ಮಡಿಲಿಗಿಟ್ಟುಕೊಂಡರು.

ಬೌರಮ್ಮನ ಕೈಯಲ್ಲಿ ಚೀಟಿ ಇತ್ತು. ಅವಳಿಗೆ ಸಿಟ್ಟು ಬಂದಿತ್ತು. ಆ ಸವಾರನ ಪರವಾಗಿ ಯಾರಾದರೂ ಒಂದು ಮಾತಾಡಬೇಕು ಎನ್ನಿಸಿತು. ಅದು ತನ್ನ ಪರವಾದ ಮಾತೂ ಹೌದು ಎಂದು ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು.

“ಏನರ ಆಗ್ಲಿರಿ ಸರ, ಆತ ಒಂದ ಸುಳ್ಳರ ಹೇಳ್ಯಾನೇನ್ರಿ? ಹೇಳಿಲ್ಲಲ್ಲ?”

ಮಾಸ್ತರರು ತಲೆ ಎತ್ತದೆ ಒಂದು ಕಡ್ಡಿಯನ್ನು ಬಿಗಿದರು.

“ಇಲ್ಲ ತಂಗಿ, ಒಂದೂ ಹೇಳಿಲ್ಲ, ಅವರಕ್ಕ ಇವತ್ತಿಗೂ ಊರ ತುಂಬ ಅದನ್ನ ಹೇಳಿಕೋತ ತಿರಗತಾಳ.”